ಗಂಡಸರ ಆಪರೇಷನ್ ಅಂದರೆ ಯಾಕಿಷ್ಟು ಅಂಜಿಕೆ?

ದೀಪಾವಳಿ ಮುಗಿಯುತ್ತಿದ್ದಂತೆ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ಹೋರಿ ಹಬ್ಬದ ಗದ್ದಲ. ಹೋರಿಗೂ ಎತ್ತಿಗೂ ಇರುವ ಫರಕು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೀಜ ಒಡೆಸಿದರೆ ಹೋರಿ ಎತ್ತಾಗುತ್ತದೆ. ಸೊಕ್ಕು ಇಳಿಯುತ್ತದೆ, ನೊಗಕ್ಕೆ ಬಗ್ಗುತ್ತದೆ.

ಅದೇ ಕಟ್ಟೆಯ ಮೇಲೆ ಗಂಡಸರ ಆಪರೇಷನ್ ಮಾತು ತೆಗೆದು ನೋಡಿ. ಒಬ್ಬರು ನಗುತ್ತಾರೆ, ಒಬ್ಬರು ಎದ್ದು ಹೋಗುತ್ತಾರೆ. "ನಮ್ಮನ್ನೂ ಎತ್ತು ಮಾಡಿಬಿಡ್ತಾರ" ಎಂಬ ಅಂಜಿಕೆ ಎಲ್ಲರ ಮನಸ್ಸಿನಲ್ಲೂ ಇದೆ. ಈ ಅಂಜಿಕೆ ಎಲ್ಲಿಂದ ಬಂತು ಎಂದು ನಾವು ಹುಡುಕಿದೆವು.

ಮೊದಲು ಹಳೆಯ ಕಥೆ. 1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಿತು. ಸರ್ಕಾರವೇ ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ಹಿರೇಕೆರೂರಿನ ಪಕ್ಕದ ಶಿಕಾರಿಪುರ ಆಗ ಮೈಸೂರಿಗೆ ಸೇರಿತ್ತು. ಹಿರೇಕೆರೂರು, ಹಾನಗಲ್, ಶಿಗ್ಗಾವಿ ಮುಂಬೈ ಪ್ರಾಂತ್ಯದಲ್ಲಿದ್ದವು, ಸವಣೂರು ನವಾಬರ ಕೈಯಲ್ಲಿತ್ತು. ನಮ್ಮ ಪ್ರಾಂತ್ಯದ ರಾಜಧಾನಿ ಮುಂಬೈಯಲ್ಲಿ ರಘುನಾಥ ಧೋಂಡೋ ಕರ್ವೆ ಎಂಬ ಪ್ರೊಫೆಸರ್ 1921ರಲ್ಲೇ ಇಂಥ ಕ್ಲಿನಿಕ್ ತೆರೆದು, ಈ ವಿಚಾರ ಬಹಿರಂಗವಾಗಿ ಮಾತಾಡಿದ್ದಕ್ಕೆ ನೌಕರಿ ಕಳೆದುಕೊಂಡಿದ್ದರು.

1952ರಲ್ಲಿ ಭಾರತ ಸರ್ಕಾರ ಕುಟುಂಬ ಯೋಜನೆ ಶುರು ಮಾಡಿತು. 1956ರಲ್ಲಿ ನಾವೂ ಮೈಸೂರು ರಾಜ್ಯಕ್ಕೆ ಸೇರಿದೆವು. ಗೋಡೆಗಳ ಮೇಲೆ ಕೆಂಪು ತ್ರಿಕೋನ ಬಂತು, "ಆರತಿಗೊಂದು ಕೀರ್ತಿಗೊಂದು" ಎಂಬ ಮಾತು ಬಂತು, 15 ಪೈಸೆಗೆ ಮೂರು ನಿರೋಧ್ ಬಂದವು. ಆ ಕಾಲದಲ್ಲಿ ಗಂಡಸರು ಆಪರೇಷನ್‌ಗೆ ಅಷ್ಟೊಂದು ಹಿಂಜರಿಯುತ್ತಿರಲಿಲ್ಲ. 1971ರ ಜುಲೈಯಲ್ಲಿ ಕೇರಳದ ಎರ್ನಾಕುಳಂನ ಒಂದೇ ಶಿಬಿರದಲ್ಲಿ 60,000ಕ್ಕೂ ಹೆಚ್ಚು ಗಂಡಸರು ಮಾಡಿಸಿಕೊಂಡರು.

ಆಮೇಲೆ ಎಮರ್ಜೆನ್ಸಿ ಬಂತು. ಮಾಸ್ತರರಿಗೆ, ನೌಕರರಿಗೆ ಇಷ್ಟು ಜನರನ್ನು ಕರೆತರಲೇಬೇಕೆಂದು ಟಾರ್ಗೆಟ್ ಕೊಟ್ಟರು. ಉತ್ತರ ಭಾರತದಲ್ಲಂತೂ ಪೊಲೀಸರು ಊರು ಸುತ್ತುವರಿದು ಗಂಡಸರನ್ನು ಹಿಡಿದೊಯ್ದರು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 62 ಲಕ್ಷ ಗಂಡಸರಿಗೆ ಆಪರೇಷನ್ ಆಯಿತು. ಮರುವರ್ಷ ಆ ಸಂಖ್ಯೆ ಕುಸಿದುಬಿತ್ತು, ಮತ್ತೆ ಏಳಲೇ ಇಲ್ಲ. ಆಮೇಲೆ ಬಂದ ಸರ್ಕಾರಗಳು ಗಂಡಸರ ತಂಟೆ ಬಿಟ್ಟು ಹೆಣ್ಣುಮಕ್ಕಳ ಕಡೆ ತಿರುಗಿದವು.

ಹೆಸರೂ ಒಂದಿಷ್ಟು ಕೆಡಿಸಿತು. ಸರ್ಕಾರಿ ಕಾಗದದಲ್ಲಿ ಇದು "ಸಂತಾನಶಕ್ತಿಹರಣ ಚಿಕಿತ್ಸೆ". ಓದಿದವನ ಕಣ್ಣಿಗೆ ಮೊದಲು ಬೀಳುವುದೇ ಶಕ್ತಿ, ಹರಣ. ಶಕ್ತಿ ಹೋದ ಮೇಲೆ ಹೊಲ ಉಳುವವನು ಹೇಗೆ ಒಪ್ಪಿಯಾನು?

ಈಗ ದೇಹದ ಒಳಗೆ ಏನಾಗುತ್ತದೆ ನೋಡೋಣ. ನಾವು ಬೀಜ ಎನ್ನುವುದಕ್ಕೆ ಪುಸ್ತಕದ ಹೆಸರು ವೃಷಣ. ಅದಕ್ಕೆ ಎರಡು ಕೆಲಸ. ಒಂದು, ವೀರ್ಯಾಣು ತಯಾರಿಸುವುದು. ಎರಡು, ಮೀಸೆ, ದನಿ, ಕಸುವು, ಆಸೆ ಕೊಡುವ ಟೆಸ್ಟೋಸ್ಟೆರಾನ್ ರಸ ತಯಾರಿಸುವುದು. ವೀರ್ಯಾಣು ಹೋಗುವುದು ವೀರ್ಯನಾಳ ಎಂಬ ಸಣ್ಣ ಕೊಳವೆಯಲ್ಲಿ. ಟೆಸ್ಟೋಸ್ಟೆರಾನ್ ಹೋಗುವುದು ರಕ್ತದಲ್ಲಿ. ಹೋರಿಗೆ ಇಕ್ಕಳ ಹಾಕಿದಾಗ ಕೊಳವೆಯ ಜೊತೆ ರಕ್ತನಾಳವೂ ಜಜ್ಜಿ ಬೀಜವೇ ಬತ್ತುತ್ತದೆ. ಗಂಡಸಿನ ಆಪರೇಷನ್‌ನಲ್ಲಿ ಬೀಜ ಮುಟ್ಟುವುದಿಲ್ಲ, ರಕ್ತನಾಳ ಮುಟ್ಟುವುದಿಲ್ಲ. ಎರಡೂ ಕಡೆಯ ಆ ಕೊಳವೆಯನ್ನು ಮಾತ್ರ ಕತ್ತರಿಸಿ ಕಟ್ಟುತ್ತಾರೆ. ವೀರ್ಯದ ಬಹುಪಾಲು ದ್ರವ ಬರುವುದು ಪ್ರಾಸ್ಟೇಟ್ ಮತ್ತು ಅದರ ಪಕ್ಕದ ಗ್ರಂಥಿಗಳಿಂದ, ಹಾಗಾಗಿ ಅದೂ ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಚೀನಾದ ವೈದ್ಯ ಲಿ ಶುನ್‌ಚಿಯಾಂಗ್ 1974ರಲ್ಲಿ ಚಾಕು ಇಲ್ಲದೆ, ಸಣ್ಣ ತೂತಿನಲ್ಲೇ ಇದನ್ನು ಮಾಡುವ ವಿಧಾನ ಕಂಡುಹಿಡಿದರು. ಹೊಲಿಗೆ ಬೇಕಿಲ್ಲ, ಅದೇ ದಿನ ಮನೆಗೆ ಹೋಗಬಹುದು. ಆದರೆ ಮೂರು ತಿಂಗಳು ಬೇರೆ ಎಚ್ಚರಿಕೆ ಬೇಕು. ವೀರ್ಯ ಪರೀಕ್ಷೆ ಆದ ಮೇಲೆಯೇ ನಿಶ್ಚಿಂತೆ.

ಇದೇ ನಾಚಿಕೆಯಿಂದ ಬೇರೆ ಕಾಯಿಲೆಗಳನ್ನೂ ನಾವು ಪಂಚೆಯೊಳಗೆ ಮುಚ್ಚಿಡುತ್ತೇವೆ. ವೃಷಣದ ಚೀಲದಲ್ಲಿ ನೀರು ತುಂಬಿದರೆ ಹೈಡ್ರೋಸೀಲ್, ಕರುಳು ಇಳಿದರೆ ಹರ್ನಿಯಾ. ಸುಶ್ರುತ ಸಂಹಿತೆಯ ಕಾಲಕ್ಕೇ ಈ ಬಾವಿಗೆ "ವೃದ್ಧಿ" ಎಂಬ ಹೆಸರಿತ್ತು, ಚಿಕಿತ್ಸೆಯೂ ಇತ್ತು. ವಯಸ್ಸಾದವರಿಗೆ ರಾತ್ರಿ ಮೇಲಿಂದ ಮೇಲೆ ಮೂತ್ರಕ್ಕೆ ಏಳುವಂತಾದರೆ ಪ್ರಾಸ್ಟೇಟ್ ದಪ್ಪಗಾಗಿರಬಹುದು. ಹುಡುಗರಿಗೆ ಒಮ್ಮೆಲೇ ಒಂದು ಬೀಜದಲ್ಲಿ ತಡೆಯಲಾರದ ನೋವು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಅದು ತಿರುಚಿಕೊಂಡಿದ್ದರೆ ಉಳಿಸಲು ಸಿಗುವುದು ಕೆಲವೇ ತಾಸು.

ಅಂಜಿಕೆಯ ಬೆಲೆ ಯಾರು ಕೊಡುತ್ತಿದ್ದಾರೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದುವೆಯಾದ ನೂರು ಹೆಣ್ಣುಮಕ್ಕಳಲ್ಲಿ ಸುಮಾರು 38 ಮಂದಿ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡ ಮಾಡಿಸಿಕೊಂಡಿದ್ದು ಸಾವಿರಕ್ಕೆ ಮೂರು ಮನೆಯಲ್ಲಿ. ಹೆರಿಗೆಯೂ ಅವಳಿಗೆ, ಹೊಟ್ಟೆ ಕೊಯ್ಯಿಸಿಕೊಳ್ಳುವುದೂ ಅವಳಿಗೇ.

ಬಲವಂತ ಆಗ ತಪ್ಪಾಗಿತ್ತು, ಈಗಲೂ ತಪ್ಪೇ. ಮಕ್ಕಳು ಸಾಕು ಎಂದು ಗಂಡ ಹೆಂಡತಿ ಕೂಡಿ ತೀರ್ಮಾನಿಸಿದ ಮನೆಯಲ್ಲಿ, ಯಾರು ಆಪರೇಷನ್‌ಗೆ ಹೋಗಬೇಕು ಎಂಬ ಮಾತಾದರೂ ಆಗಲಿ. ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಗಂಡಸರ ಆಪರೇಷನ್ ಬಗ್ಗೆ ತಿಳಿವಳಿಕೆ ಕೊಡುತ್ತಾರೆ. ಹೋರಿ ಹಬ್ಬದ ದಿನಗಳೂ ಅವೇ. ಹಬ್ಬಕ್ಕೆ ಹೋಗುವ ದಾರಿಯಲ್ಲಿ ಆಸ್ಪತ್ರೆಗೂ ಹೋಗಿ ಒಂದು ಮಾತು ಕೇಳಿ ಬನ್ನಿ. ಕೇಳಿದ ಮಾತ್ರಕ್ಕೆ ಯಾರೂ ಎತ್ತಾಗುವುದಿಲ್ಲ.