ಸ್ವಲ್ಪ ದಿನದ ಮನೆ

1939ರ ಸೆಪ್ಟೆಂಬರ್ ಮೊದಲ ವಾರ. ಯುದ್ಧ ಘೋಷಣೆಯಾಗಿತ್ತು, ಲಂಡನ್ ಮೇಲೆ ಒಂದು ಬಾಂಬೂ ಬಿದ್ದಿರಲಿಲ್ಲ. ಆದರೂ, ಇತಿಹಾಸಕಾರ್ತಿ ಹಿಲ್ಡಾ ಕೀನ್ ದಾಖಲಿಸಿರುವಂತೆ, ಆ ಒಂದೇ ವಾರದಲ್ಲಿ ಅಲ್ಲಿ ಸುಮಾರು 4 ಲಕ್ಷ ನಾಯಿ-ಬೆಕ್ಕುಗಳನ್ನು ಸಾಕಿದವರೇ ಒಯ್ದು ಕೊಲ್ಲಿಸಿದರು. ಸರ್ಕಾರದ ಆಜ್ಞೆಯೇನೂ ಇರಲಿಲ್ಲ. ಹಳ್ಳಿಗೆ ಸಾಗಿಸಿ, ನೋಡಿಕೊಳ್ಳುವವರು ಸಿಗದಿದ್ದರೆ ಕೊಲ್ಲಿಸುವುದೇ ಕರುಣೆ ಎಂಬರ್ಥದ ಸಲಹೆಯ ಕರಪತ್ರವಿತ್ತು.

ಆ ಯುದ್ಧಕಾಲದಲ್ಲೇ ಹ್ಯಾಮಿಲ್ಟನ್ ಡಚೆಸ್ ನೀನಾ ವಿಲ್ಟ್‌ಶೈರಿನ ತಮ್ಮ ಫರ್ನ್ ಎಸ್ಟೇಟನ್ನು ಇಂಥ ಪ್ರಾಣಿಗಳಿಗೆ ತೆರೆದರು. ಆಶ್ರಯಕೇಂದ್ರದ ನಾಯಿಯನ್ನು ಕೆಲವು ವಾರ ಮನೆಯಲ್ಲಿಟ್ಟು ಸಾಕುವ ಇಂದಿನ ‘ಫಾಸ್ಟರಿಂಗ್’ನ ಹಿಂದಿನ ಹೆಜ್ಜೆಯೊಂದನ್ನು ನಾನಿಲ್ಲಿ ಕಾಣುತ್ತೇನೆ.

ಕೊಲ್ಲಿಸಿದವರೆಲ್ಲ ಕಟುಕರೆಂದು ನನಗನ್ನಿಸುವುದಿಲ್ಲ. ಅವರಲ್ಲೂ ಮಮತೆಯಿತ್ತು, ಇಲ್ಲದ್ದು, ‘ಸ್ವಲ್ಪ ದಿನ ನಮ್ಮಲ್ಲಿರಲಿ’ ಎನ್ನುವ ಇನ್ನೊಂದು ಮನೆ.