ಪಾನವಿಮುಕ್ತರ ಗೋಷ್ಠಿಗಳ ಪೂರ್ವವೃತ್ತಾಂತ

ಇಳಕಲ್ಲಿನ ಶ್ರೀ ವಿಜಯಮಹಾಂತೇಶ ಸಂಸ್ಥಾನಮಠದ ಪೂಜ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆಯನ್ನು ಹಿಡಿದು, ಕಾಳುಕಡಿಗಳಿಗೆ ಬದಲಾಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡತೊಡಗಿದ ಸಂಗತಿಯು ಈ ಸಂಚಿಕೆಯ ವಾಚಕರಿಗೆ ವಿದಿತವೇ ಆಗಿದೆ. ಜೋಳಿಗೆಗೆ ಕುಡಿತವನ್ನು ಹಾಕುವುದು ಒಂದು ಕ್ಷಣದ ಕಾರ್ಯ. ಹಾಕಿದವನಾದರೋ ಅಂದಿನ ಸಂಜೆ ಸೆರೆಯಂಗಡಿಯ ಮುಂದಿನಿಂದಲೇ ಮನೆಗೆ ಹೋಗಬೇಕು. ಆ ಹೊತ್ತಿನಲ್ಲಿ ಅವನ ಸಂಗಡ ನಡೆಯುವವರು ಯಾರು? ಈ ಪ್ರಶ್ನೆಗೆ ಕುಡುಕರೇ ಕಂಡುಕೊಂಡ ಉತ್ತರವೊಂದುಂಟು. ಅದು ಹುಟ್ಟಿದುದು ದೂರದ ಅಮೇರಿಕೆಯಲ್ಲಿಯಾದರೂ, ಮಠಮಾನ್ಯಗಳು ಅರಿತುಕೊಳ್ಳತಕ್ಕ ವಿಷಯವೆಂದು ಭಾವಿಸಿ ಇಲ್ಲಿ ನಿರೂಪಿಸುವೆವು.

1840ರ ಏಪ್ರಿಲ್ ತಿಂಗಳಲ್ಲಿ ಬಾಲ್ಟಿಮೋರ್ ನಗರದ ಒಂದು ಪಾನಗೃಹದಲ್ಲಿ ಕೂಡುತ್ತಿದ್ದ ಆರು ಮಂದಿ ಗೆಳೆಯರು ಕುಡಿತವನ್ನು ಬಿಡುವೆವೆಂದು ಪ್ರತಿಜ್ಞೆಗೈದು, ವಾಷಿಂಗ್ಟನ್ನನ ಹೆಸರಿನಲ್ಲಿ ಒಂದು ಸಂಘವನ್ನು ಕಟ್ಟಿದರು. ಅಲ್ಲಿ ಉಪನ್ಯಾಸವಿರಲಿಲ್ಲ, ಒಬ್ಬೊಬ್ಬನೂ ಎದ್ದು ತನ್ನ ಪಾಡನ್ನು ತಾನೇ ಹೇಳುತ್ತಿದ್ದನು. ಸ್ವಲ್ಪ ಕಾಲದಲ್ಲಿಯೇ ಲಕ್ಷಾಂತರ ಜನರು ಪ್ರತಿಜ್ಞೆಗೆ ಸಹಿ ಹಾಕಿದರು. 1842ರಲ್ಲಿ ಸ್ಪ್ರಿಂಗ್‌ಫೀಲ್ಡಿನ ಶಾಖೆಯೆದುರು ಮಾತನಾಡಿದ ಅಬ್ರಹಾಂ ಲಿಂಕನ್ನನು, ಕುಡುಕನನ್ನು ಜರೆಯುವುದಕ್ಕಿಂತ ಅವನೊಡನೆ ಸ್ನೇಹದಿಂದ ಮಾತನಾಡುವುದೇ ಫಲಕಾರಿಯೆಂದು ಪ್ರತಿಪಾದಿಸಿದನು. ಆದರೆ ಆ ಸಂಘವು ಬಾಳಲಿಲ್ಲ. ಎಂದೂ ಕುಡಿಯದವರೂ ಒಳಸೇರಿದರು. ಮದ್ಯನಿಷೇಧದ ಕಾಯಿದೆ ಬೇಕೇ ಬೇಡವೇ ಎಂಬ ವಾದಗಳು ಹೆಚ್ಚಿದವು. ಹತ್ತು ವರ್ಷ ತುಂಬುವುದರೊಳಗೆ ಅದು ಬಹುತೇಕ ಕರಗಿಹೋಯಿತು. ಸಹಿಗಳ ಸಂಖ್ಯೆಯನ್ನು ಕಂಡು ಹಿಗ್ಗುವ ಕಾರ್ಯಕರ್ತರು ಈ ಕಥೆಯನ್ನು ಮರೆಯದಿರುವುದು ಲೇಸು.

ಮುಂದೆ ಸುಮಾರು ಒಂದು ಶತಮಾನ ಕಳೆಯಿತು. ನ್ಯೂಯಾರ್ಕಿನ ಶೇರು ವ್ಯವಹಾರಸ್ಥನಾದ ಬಿಲ್ ವಿಲ್ಸನ್ನನು ಕುಡಿತದಿಂದ ಸರ್ವಸ್ವವನ್ನೂ ಕಳೆದುಕೊಂಡು, 1934ರ ಡಿಸೆಂಬರಿನಲ್ಲಿ ಆಸ್ಪತ್ರೆ ಸೇರಿ ಅದನ್ನು ಬಿಟ್ಟಿದ್ದನು. ಅಲ್ಲಿಂದ ಐದು ತಿಂಗಳು ಕಂಡ ಕಂಡ ಕುಡುಕರಿಗೆಲ್ಲ ಬೋಧಿಸಿದನು, ಒಬ್ಬನೂ ಬಿಡಲಿಲ್ಲ. ಬೋಧೆಯನ್ನು ನಿಲ್ಲಿಸಿ ರೋಗದ ನಿಜಸ್ವರೂಪವನ್ನು ಮೊದಲು ಹೇಳೆಂದು ಡಾಕ್ಟರ್ ಸಿಲ್ಕ್‌ವರ್ತರು ಸಲಹೆಯಿತ್ತರು. 1935ರ ಮೇ ತಿಂಗಳಲ್ಲಿ ವಿಲ್ಸನ್ನನು ಓಹಾಯೋ ಪ್ರಾಂತದ ಆಕ್ರನ್ ನಗರಕ್ಕೆ ವ್ಯಾಪಾರಾರ್ಥವಾಗಿ ಹೋದನು. ಕೆಲಸ ಕೆಟ್ಟಿತು, ಕಿಸೆ ಬರಿದಾಯಿತು, ಜತೆಗಾರರು ಹಿಂದಿರುಗಿದರು. ಅವನಿಳಿದಿದ್ದ ಮೇಫ್ಲವರ್ ಹೋಟೆಲಿನ ಪಡಸಾಲೆಯ ಒಂದು ಬದಿಗೆ ಪಾನಶಾಲೆ, ಅಲ್ಲಿಂದ ನಗೆಯ ಸದ್ದು; ಇನ್ನೊಂದು ಬದಿಗೆ ಊರಿನ ಚರ್ಚುಗಳ ಪಟ್ಟಿ. ಆ ಕ್ಷಣದಲ್ಲಿ ತನಗೆ ಬೇಕಾದುದು ಬೋಧಕನಲ್ಲ, ಮತ್ತೊಬ್ಬ ಕುಡುಕನೆಂಬುದು ಅವನಿಗೆ ಹೊಳೆಯಿತು. ಒಬ್ಬ ಪಾದ್ರಿಗೆ ಟೆಲಿಫೋನು ಮಾಡಿ, ಅವರು ಕೊಟ್ಟ ಹೆಸರುಗಳನ್ನು ಹಿಡಿದು ಒಬ್ಬರಾದ ಮೇಲೊಬ್ಬರನ್ನು ವಿಚಾರಿಸುತ್ತ, ಕಡೆಗೆ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಸಾಧ್ವಿಯನ್ನು ತಲುಪಿದನು. ಆಕೆ ಬಲ್ಲವನಾಗಿದ್ದ ಶಸ್ತ್ರವೈದ್ಯ ಡಾಕ್ಟರ್ ಬಾಬ್ ಸ್ಮಿತ್ತನು ಅಂದು ಮತ್ತನಾಗಿ ಬಿದ್ದಿದ್ದನು! ಮರುದಿನ, ಮೇ 12ರ ಸಂಜೆ, ಹದಿನೈದೇ ನಿಮಿಷ ಕೂಡುವೆನೆಂದು ಕರಾರು ಮಾಡಿ ಬಂದ ವೈದ್ಯನು ರಾತ್ರಿ ಹನ್ನೊಂದರವರೆಗೆ ಏಳಲಿಲ್ಲ.

ಆ ವೈದ್ಯನು ಇನ್ನೊಮ್ಮೆ ಜಾರಿದುದನ್ನೂ ಹೇಳದಿದ್ದರೆ ಚರಿತ್ರೆಗೆ ಅಪಚಾರವಾದೀತು. ವೈದ್ಯಸಮ್ಮೇಳನಕ್ಕೆಂದು ಪರಸ್ಥಳಕ್ಕೆ ಹೋದವನು ಮತ್ತೆ ಕುಡಿದು ಬಂದನು. ಶಸ್ತ್ರಕ್ರಿಯೆಯ ಬೆಳಿಗ್ಗೆ ಅವನ ಕೈ ನಡುಗದಿರಲೆಂದು ವಿಲ್ಸನ್ನನೇ ಒಂದು ಸೀಸೆ ಬಿಯರನ್ನು ಕೊಟ್ಟನು. ಅದೇ ಅವನ ಕಡೆಯ ಪಾನ. 1935ರ ಜೂನ್ 10ನ್ನು ಈ ಸಂಘವು ತನ್ನ ಜನ್ಮದಿನವೆಂದು ಎಣಿಸುತ್ತದೆ. ಇಬ್ಬರೂ ಕೂಡಿ ಆಸ್ಪತ್ರೆಗೆ ಹೋಗಿ ಮಂಚದ ಮೇಲಿದ್ದ ಒಬ್ಬ ವಕೀಲನನ್ನು ಮೂರನೆಯವನನ್ನಾಗಿ ಮಾಡಿಕೊಂಡರು. 1939ರಲ್ಲಿ ಅವರ ಅನುಭವಗಳ ಗ್ರಂಥವು ಅಚ್ಚಾಗಿ, ಅದರ ಹೆಸರೇ ಸಂಘದ ಹೆಸರಾಯಿತು: ಆಲ್ಕೊಹಾಲಿಕ್ಸ್ ಅನಾನಿಮಸ್, ಅರ್ಥಾತ್ ಅನಾಮಧೇಯ ಪಾನರೋಗಿಗಳು. ಪತ್ರಿಕೆಯೊಂದರ ಲೇಖನದಿಂದ 1941ರಲ್ಲಿ ಸುಮಾರು 2,000 ಇದ್ದ ಸದಸ್ಯರು ಅದೇ ವರ್ಷಾಂತ್ಯಕ್ಕೆ 8,000 ಆದರು.

ವಾಷಿಂಗ್ಟನ್ ಸಂಘವನ್ನು ಕೆಡಿಸಿದ ದೋಷಗಳಿಗೆಲ್ಲ 1950ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಅಂಗೀಕೃತವಾದ ಹನ್ನೆರಡು ಸಂಪ್ರದಾಯಗಳು ಕಟ್ಟು ಹಾಕಿದವು. ಬಾಹ್ಯ ವಿವಾದಗಳಲ್ಲಿ ಸಂಘವು ಅಭಿಪ್ರಾಯ ಕೊಡಕೂಡದು; ಸದಸ್ಯನಾಗಲು ಕುಡಿತ ಬಿಡುವ ಇಚ್ಛೆಯೊಂದೇ ಸಾಕು. ಮತದ ವಿಚಾರದಲ್ಲಿಯೂ, ದೇವರನ್ನು ಅವರವರು ತಿಳಿದಂತೆ ಭಾವಿಸಬಹುದೆಂದು ಮೊದಲೇ ಬಿಟ್ಟಿದ್ದರು. ಇದರಿಂದ ಫಲವುಂಟೇ ಎಂದು ಸಂಶಯಪಡುವವರಿಗೆ ಒಂದು ಮಾತು: 2020ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು 10,000ಕ್ಕೂ ಮಿಕ್ಕಿದ ಜನರ ಮೇಲೆ ನಡೆದ 27 ಅಧ್ಯಯನಗಳನ್ನು ಪರಿಶೀಲಿಸಿ, ಸಂಪೂರ್ಣ ಪಾನತ್ಯಾಗದ ಮಟ್ಟಿಗೆ ಈ ಮಾರ್ಗಕ್ಕೆ ಜನರನ್ನು ಕ್ರಮವಾಗಿ ಸೇರಿಸುವ ಚಿಕಿತ್ಸೆಯು ಇತರ ಮಾನಸಿಕ ಚಿಕಿತ್ಸೆಗಳಿಗಿಂತ ಮೇಲೆಂದು ಕಂಡಿತು. ಬಹುಕಾಲ ವಿಪರೀತ ಕುಡಿದವನು ಒಮ್ಮೆಗೇ ಬಿಟ್ಟರೆ ಪ್ರಾಣಾಪಾಯವುಂಟಾದ್ದರಿಂದ ವೈದ್ಯನನ್ನು ಮೊದಲು ಕಾಣಬೇಕೆಂಬುದು ಬೇರೆಯ ಮಾತು.

ಬೆಂಗಳೂರು ಮೊದಲಾದೆಡೆಗಳಲ್ಲಿಯೂ ಇಂಥ ಗೋಷ್ಠಿಗಳು ನಡೆಯುತ್ತಿವೆ. ಹೊಸಬನಿಗೆ ಕಷ್ಟವಾಗುವುದು ಹೊಸ್ತಿಲು ದಾಟುವುದಷ್ಟೆ. ಯಾರಾದರೂ ಕಂಡಾರೆಂಬ ಭಯದಿಂದ ಬಾಗಿಲವರೆಗೆ ಬಂದು ಹಿಂದಿರುಗುವವರುಂಟು. ಒಳಗೆ ಕುಲಗೋತ್ರಗಳನ್ನು ವಿಚಾರಿಸುವುದಿಲ್ಲ, ಪೂರ್ಣ ಹೆಸರನ್ನು ಕೇಳುವುದಿಲ್ಲ, ಮಾತನಾಡೆಂದು ಒತ್ತಾಯಿಸುವುದಿಲ್ಲ. ಕೆಲವು ಗೋಷ್ಠಿಗಳಿಗೆ ಮನೆಯವರೂ ಬರಬಹುದು. ಕೆಲವು ಪಾನರೋಗಿಗಳಿಗೇ ಮೀಸಲು. ಕಡೆಯಲ್ಲಿ ಒಂದು ಬಟ್ಟಲು ತಿರುಗುತ್ತದೆ. ಅದಕ್ಕೆ ಸದಸ್ಯರಲ್ಲದವರ ಕಾಣಿಕೆಯು ಸಲ್ಲದು. ಆದ್ದರಿಂದ ಮಠವೊಂದು ಈ ಜನರಿಗೆ ವಾರಕ್ಕೊಂದು ಸಂಜೆ ಕೋಣೆಯೊಂದನ್ನು ತೆರೆದುಕೊಟ್ಟರೆ, ಅವರು ಅದಕ್ಕೆ ಅಲ್ಪವಾದರೂ ಬಾಡಿಗೆಯನ್ನು ಕೊಡುವೆವೆನ್ನುವರು. ಅದನ್ನು ಬೇಡವೆನ್ನದೆ ತೆಗೆದುಕೊಳ್ಳಬೇಕು.