ತಿದಿ ಒತ್ತಿದ ಹುಡುಗ, ಹತ್ತು ನಿಮಿಷದ ದಂಡ

ಇವತ್ತು ಬೆಳೆ ವಿಷಯ ಇಲ್ಲ. ಹಳೇ ಕಾಲದ ಒಂದು ಸೈಕಲ್ ಪಂದ್ಯದ ಕಥೆ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

1913ನೇ ಇಸವಿ ಜುಲೈ 9. ಫ್ರಾನ್ಸ್ ಮತ್ತು ಸ್ಪೇನ್ ಗಡಿಯಲ್ಲಿ ಪಿರನೀಸ್ ಅನ್ನೋ ಬೆಟ್ಟಸಾಲು ಇದೆ. ಟೂರ್ ದ ಫ್ರಾನ್ಸ್ ಪಂದ್ಯದ ಆರನೇ ಹಂತ ಆ ಬೆಟ್ಟಗಳ ಮೇಲೆ. ಬಯೋನ್ ಊರಿಂದ ಲೂಶೋನ್‌ಗೆ 326 ಕಿಲೋಮೀಟರ್, ಒಂದೇ ದಿನದಲ್ಲಿ. ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ ಬೆಂಗಳೂರಿಂದ ಹಾವೇರಿ. ಅದೂ ಸಮತಟ್ಟು ದಾರಿ ಅಲ್ಲ, ಘಾಟಿ ಇಳಿದರೆ ಮತ್ತೊಂದು ಘಾಟಿ. ಅದರಲ್ಲಿ ತೂರ್ಮಲೆ ಅನ್ನೋ ಘಾಟಿಯ ನೆತ್ತಿ 2,115 ಮೀಟರ್, ನಮ್ಮ ಮುಳ್ಳಯ್ಯನಗಿರಿ ತುದಿಗಿಂತಲೂ ಎತ್ತರ. ರಸ್ತೆ ಮಣ್ಣು, ಕಲ್ಲು. ಸೈಕಲ್ಲು ಕಬ್ಬಿಣದ ಭಾರ. ಈಗಿನ ಥರ ಓಡಿಸ್ತಾ ಓಡಿಸ್ತಾ ಗೇರು ಬದಲಾಯಿಸೋದನ್ನ ಆ ಪಂದ್ಯದವರು 1937ರವರೆಗೂ ಒಪ್ಪಲಿಲ್ಲ.

ಯೂಜೀನ್ ಕ್ರಿಸ್ತೋಫ್ ಅನ್ನೋನು ಅವತ್ತು ಮುಂಚೂಣಿಯಲ್ಲಿದ್ದ. ಹಿಂದಿನ ವರ್ಷ ಇದೇ ಪಂದ್ಯದಲ್ಲಿ ಎರಡನೇ ಸ್ಥಾನ ಬಂದಿದ್ದ. ಈ ಸಲ ಗೆದ್ದೇ ಗೆಲ್ತಾನೆ ಅನ್ನೋ ಹಾಗಿತ್ತು. ತೂರ್ಮಲೆ ಹತ್ತಿ ಆಚೆ ಇಳೀತಿರೋವಾಗ ಸೈಕಲ್ಲಿನ ಫೋರ್ಕು ಮುರೀತು. ಮುಂದಿನ ಚಕ್ರವನ್ನ ಎರಡೂ ಕಡೆ ಹಿಡ್ಕೊಂಡಿರೋ ಕವೆ ಅದು. ಅದು ಹೋಯ್ತು ಅಂದ್ರೆ ಸೈಕಲ್ಲು ಕೈಬಿಟ್ಟ ಹಾಗೇ.

ಬೇರೆ ಸೈಕಲ್ಲು ತಗೊಳ್ಳೋ ಹಾಗಿಲ್ಲ, ಯಾರ ಸಹಾಯವೂ ಪಡೆಯೋ ಹಾಗಿಲ್ಲ. ಮುರಿದಿದ್ದನ್ನ ಅವನೇ ಸರಿಮಾಡ್ಕೋಬೇಕು. ಪಂದ್ಯ ನಡೆಸ್ತಿದ್ದ ಪತ್ರಿಕೆಯ ಸಂಪಾದಕ ಆನ್ರಿ ದೆಗ್ರಾಂಜ್ ಮಾಡಿದ ನಿಯಮ ಇದು. ಗೆಲ್ಲಬೇಕಾದ್ದು ಮನುಷ್ಯ, ಸೈಕಲ್ ಕಂಪನಿ ಅಲ್ಲ ಅನ್ನೋದು ಅವನ ವಾದ. ಅದರಲ್ಲಿ ತಪ್ಪಿಲ್ಲ. ದುಡ್ಡಿರೋ ಕಂಪನಿ ದಾರಿಯುದ್ದಕ್ಕೂ ಹೊಸ ಸೈಕಲ್ಲು ನಿಲ್ಲಿಸಿಬಿಟ್ರೆ ಬಡ ಸವಾರನ ಗತಿ ಏನು?

ಕ್ರಿಸ್ತೋಫ್ ಒಂದು ಕೈಯಲ್ಲಿ ಚಕ್ರ ಹಿಡಿದು, ಸೈಕಲ್ಲು ಹೆಗಲ ಮೇಲೆ ಹೊತ್ತು ಇಳಿಯೋಕೆ ಶುರುಮಾಡ್ದ. ಹತ್ತು ಕಿಲೋಮೀಟರಿಗೂ ಹೆಚ್ಚು ನಡಿಗೆ. ತಾನು ಹಿಂದೆ ಹಾಕಿದ್ದ ಸವಾರರೆಲ್ಲ ಒಬ್ಬೊಬ್ಬರೇ ದಾಟಿ ಹೋದ್ರು. ಸಿಟ್ಟಿಗೆ ಅಳು ಬಂತು ಅಂತ ಆಮೇಲೆ ಅವನೇ ಹೇಳಿಕೊಂಡಿದ್ದಾನೆ. ಕೆಳಗೆ ಸಾಂತ್ ಮಾರಿ ದ ಕಾಂಪಾನ್ ಅನ್ನೋ ಸಣ್ಣ ಹಳ್ಳಿ. ಅಲ್ಲೊಂದು ಕುಲುಮೆ ಸಿಕ್ತು.

ಕಮ್ಮಾರ ತಾನೇ ಮಾಡಿಕೊಡ್ತೀನಿ ಅಂದ. ಹಿಂದೆಯೇ ಬಂದು ನಿಂತಿದ್ದ ಪಂದ್ಯದ ಅಧಿಕಾರಿಗಳು ಬಿಡಲಿಲ್ಲ. ಬಾಯಲ್ಲಿ ಹೀಗೆ ಮಾಡು ಅಂತ ಹೇಳಬಹುದು, ಕೈ ಹಾಕೋ ಹಾಗಿಲ್ಲ. ಕ್ರಿಸ್ತೋಫ್ ಸೈಕಲ್ ಸವಾರ ಆಗೋಕೆ ಮುಂಚೆ ಬೀಗ ಮಾಡೋ ಕೆಲಸ ಕಲಿತಿದ್ದವನು. ಕಬ್ಬಿಣ ಅವನಿಗೆ ಹೊಸದಲ್ಲ. ಕಾಯಿಸಿ, ಬಡಿದು, ತೂತು ಕೊರೆದು ಬೆಸೆದ. ಎರಡೂ ಕೈ ಕೆಲಸದಲ್ಲಿ, ಬೆಂಕಿ ನೋಡೋರು ಯಾರೂ ಇಲ್ಲ. ಅಲ್ಲಿದ್ದ ಒಬ್ಬ ಸಣ್ಣ ಹುಡುಗ ತಿದಿ ಒತ್ತಿದ.

ಅದಕ್ಕೇ ಹತ್ತು ನಿಮಿಷ ದಂಡ! ಆಮೇಲೆ ಮೂರಕ್ಕೆ ಇಳಿಸಿದ್ರು.

ಸವಾರ ಮತ್ತೆ ಸೈಕಲ್ ಹತ್ತಿದ. ಮುಂದೆ ಇನ್ನೂ ಎರಡು ಘಾಟಿ, ಆಸ್ಪಾಂ ಮತ್ತು ಪೇರೆಸೂರ್ದ್. ಎರಡೂ ದಾಟಿ ಲೂಶೋನ್ ಮುಟ್ಟಿದಾಗ ಅವತ್ತು ಗೆದ್ದವನಿಗಿಂತ ಸುಮಾರು 3 ಗಂಟೆ 50 ನಿಮಿಷ ಹಿಂದೆ. ಅಷ್ಟಾದ ಮೇಲೂ ಪಂದ್ಯ ಬಿಡಲಿಲ್ಲ. ಕೊನೆಗೆ ಏಳನೇ ಸ್ಥಾನ ಬಂತು. ಗೆದ್ದವನು ಫಿಲಿಪ್ ತೀಸ್.

ಈ ಕಥೆಯನ್ನ ಎಲ್ಲರೂ ಛಲದ ಕಥೆ ಅಂತ ಹೇಳ್ತಾರೆ. ಛಲ ಇದೆ, ಇಲ್ಲ ಅನ್ನಲ್ಲ. ನನ್ನ ಕಣ್ಣು ಹೋಗೋದು ಆ ತಿದಿ ಮೇಲೆ. ಗುಳ ಕಾಯಿಸಿದ್ದನ್ನ ನೋಡಿದವರಿಗೆ ಗೊತ್ತು, ಕುಲುಮೆ ಕೆಲಸ ಒಬ್ಬನದಲ್ಲ. ಒಬ್ಬ ಇಕ್ಕಳ ಹಿಡೀಬೇಕು, ಇನ್ನೊಬ್ಬ ಗಾಳಿ ಕೊಡಬೇಕು. ಕಮ್ಮಾರನ ಮನೇಲಿ ಹೆಂಡತಿ ಮಕ್ಕಳು ತಿದಿ ಒತ್ತಿದ್ದನ್ನ ಯಾರೂ ಸಹಾಯ ಅಂತ ಲೆಕ್ಕ ಹಾಕಲ್ಲ, ಅದು ಕೆಲಸದ್ದೇ ಭಾಗ. ನಿಯಮ ಬರೆದವರು ಕುಲುಮೆಯನ್ನ ಮನಸ್ಸಲ್ಲಿ ಇಟ್ಕೊಂಡಿರಲಿಲ್ಲ.

ಮುಂದಿನ ವರ್ಷ ಏನಾಯ್ತು ನೋಡಿ. 1914ರಲ್ಲಿ ಇದೇ ತೀಸ್ ನಿಯಮ ಮೀರಿ ಚಕ್ರ ಬದಲಾಯಿಸ್ಕೊಂಡ. ಅರ್ಧ ಗಂಟೆ ದಂಡ ಬಿತ್ತು. ಆದ್ರೂ 1 ನಿಮಿಷ 50 ಸೆಕೆಂಡಿನಲ್ಲಿ ಇಡೀ ಪಂದ್ಯ ಗೆದ್ದ. ದಂಡ ಕಟ್ಟಿದವನು ಗೆದ್ದ, ನಿಯಮ ಪಾಲಿಸಿದವನು ನಾಲ್ಕು ಗಂಟೆ ಕಳ್ಕೊಂಡ.

ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಮುಂದಿರೋ ಸವಾರನಿಗೆ ಹಳದಿ ಅಂಗಿ ಕೊಡೋ ಪದ್ಧತಿ ಬಂತು. ಅದನ್ನ ಮೊದಲು ತೊಟ್ಟವನು ಕ್ರಿಸ್ತೋಫ್. ಇನ್ನೇನು ಪಂದ್ಯ ಮುಗೀಬೇಕು, ಮತ್ತೆ ಫೋರ್ಕು ಮುರೀತು! ಮತ್ತೆ ತಾನೇ ರಿಪೇರಿ ಮಾಡ್ಕೊಂಡ, ಹಳದಿ ಅಂಗಿ ಹೋಯ್ತು. ಈ ಸಲ ಜನ ಸುಮ್ಮನಿರಲಿಲ್ಲ. ಪತ್ರಿಕೆ ಓದುಗರು ಕೈಲಾದಷ್ಟು ಹಣ ಕಳಿಸಿದ್ರು, 13,000 ಫ್ರಾಂಕಿಗೂ ಹೆಚ್ಚು ಸೇರ್ತು. ನಿಯಮ ಪುಸ್ತಕ ಕೊಡದಿದ್ದನ್ನ ಜನ ಕೊಟ್ರು.

ಆ ಹಳ್ಳಿಯಲ್ಲಿ ಈಗ ಕ್ರಿಸ್ತೋಫ್ ಹೆಸರಿನ ಫಲಕ ಇದೆ. ನಿಮ್ಮೂರ ಕುಲುಮೇಲಿ ತಿದಿ ಒತ್ತುತಿದ್ದೋರು ಯಾರು? ನೆನಪಿದ್ರೆ ಅವರ ಬಗ್ಗೆ ನಾಲ್ಕು ಸಾಲು ಬರೀರಿ.